ಕರಾವಳಿಗೆ ಹೊರಟಿದ್ದೇವೆ, ಮೀನು ತಿನ್ನಬಹುದಾ?

ಪ್ರಶ್ನೆ: ನಾವು ದಾವಣಗೆರೆಯವರು. ಡಿಸೆಂಬರ್ ಕೊನೆಯ ವಾರ ನಾಲ್ಕು ದಿನ ಮಲ್ಪೆ, ಮರವಂತೆ, ಮುರುಡೇಶ್ವರ, ಗೋಕರ್ಣ ಸುತ್ತಬೇಕು ಅಂತಿದ್ದೇವೆ. ಮೂರು ವರ್ಷದ ಹಿಂದೆ ಜೂನ್ ಕೊನೆಯಲ್ಲಿ ಹೋಗಿದ್ದಾಗ ಬೀಚ್ ಪಕ್ಕದ ಹೋಟೆಲಿನಲ್ಲಿ ಬಂಗುಡೆ ಫ್ರೈ ತಿಂದ ಅರ್ಧ ಗಂಟೆಗೆ ನಮ್ಮ ಯಜಮಾನರ ಮುಖ, ಕುತ್ತಿಗೆ ಕೆಂಪಾಗಿ ತುರಿಕೆ, ತಲೆನೋವು ಶುರುವಾಯಿತು. ಅದೇ ತಟ್ಟೆಯಿಂದ ಎರಡು ತುತ್ತು ತಿಂದ ನನ್ನ ತಮ್ಮನಿಗೂ ಸ್ವಲ್ಪ ಹಾಗೇ ಆಯಿತು. 'ಮೀನಿನ ಅಲರ್ಜಿ' ಅಂದರು. ಅದಕ್ಕೆ ಮೊದಲು ಹತ್ತಾರು ಸಲ ಬಂಗುಡೆ ತಿಂದವರು ಆಮೇಲೆ ಮೀನು ಮುಟ್ಟಿಲ್ಲ. ಮರುದಿನ ಮಗನಿಗೆ ಭೇದಿ. ಈ ಸಲ ಜೊತೆಗೆ ಮಾಂಸ, ಮೀನು ಬಿಟ್ಟಿರುವ ಅತ್ತೆ ಮಾವ, ಐದು ತಿಂಗಳ ಬಸುರಿ ನಾದಿನಿ ಬರುತ್ತಾರೆ. ಐಸ್‌ನಲ್ಲಿಟ್ಟ ಮೀನು ಹಳೆಯದು, ಮೀನು ಕೆಡದಂತೆ ಫಾರ್ಮಾಲಿನ್ ಎಂಬ ರಾಸಾಯನಿಕ ಹಾಕುತ್ತಾರೆ, ಮೀನು ತಿಂದು ಮೊಸರು ತಿಂದರೆ ತೊನ್ನು ಬರುತ್ತದೆ, ಹೀಗೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಎಲ್ಲಿ, ಏನು ತಿಂದರೆ ಒಳ್ಳೆಯದು?

ಉತ್ತರ: ನಿಮ್ಮ ಪತ್ರ ಓದಿದಾಗ ಮೊದಲು ಅನಿಸಿದ್ದು, ಪಾಪ ಬಂಗುಡೆಗೆ ಸುಮ್ನೆ ಕೆಟ್ಟ ಹೆಸರು ಬಂತಲ್ಲ ಅಂತ. ಮೀನು ರಫ್ತು ಮಾಡುವ ಘಟಕದಲ್ಲಿ ಇಪ್ಪತ್ತಾರು ವರ್ಷ ಗುಣಮಟ್ಟ ನೋಡುವ ಕೆಲಸ ಮಾಡಿದವನು ನಾನು. ಕಿವಿರು ಎತ್ತಿ ನೋಡುವುದು, ಮೂಗಿಗೆ ಹಿಡಿಯುವುದು, ಮೀನಿನ ಹೊಟ್ಟೆಗೆ ಥರ್ಮಾಮೀಟರ್ ಚುಚ್ಚುವುದು, ಇದೇ ನನ್ನ ದಿನಚರಿಯಾಗಿತ್ತು. ವೈದ್ಯನಲ್ಲ. ಆದರೆ ನೀವು ಬರೆದ ಲಕ್ಷಣಗಳ ಬಗ್ಗೆ ನಮ್ಮ ಕೆಲಸದಲ್ಲಿ ಮೊದಲ ವಾರವೇ ಹೇಳಿಕೊಡುತ್ತಾರೆ.

ಅದು ಅಲರ್ಜಿ ಇರಲಿಕ್ಕಿಲ್ಲ. ಒಂದೇ ತಟ್ಟೆಯಿಂದ ತಿಂದ ಇಬ್ಬರಿಗೂ ಒಂದೇ ಥರ ಆಗಿದೆ. ಇಬ್ಬರಿಗೂ ಒಂದೇ ದಿನ, ಒಂದೇ ಹೊತ್ತಿಗೆ ಹೊಸದಾಗಿ ಅಲರ್ಜಿ ಹುಟ್ಟುವುದು ಅಪರೂಪ, ಅಲ್ವಾ? ಇಂಥದ್ದಕ್ಕೆ ಹಿಸ್ಟಮಿನ್ ವಿಷಬಾಧೆ ಎನ್ನುತ್ತಾರೆ. ಬಂಗುಡೆ, ಬೂತಾಯಿ (ಸಾರ್ಡೀನ್), ಕೇದರ್ (ಟ್ಯೂನಾ), ಅಂಜಲ್ (ಸುರ್ಮಾಯಿ) ಇಂಥ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎನ್ನುವ ಅಂಶ ಜಾಸ್ತಿ. ಮೀನು ಸತ್ತ ಮೇಲೆ ಬಿಸಿಲಿಗೋ ಸೆಖೆಗೋ ಬಿದ್ದರೆ ಅದರ ಮೇಲಿನ ಬ್ಯಾಕ್ಟೀರಿಯಾ ಆ ಹಿಸ್ಟಿಡಿನ್ ಅನ್ನು ಹಿಸ್ಟಮಿನ್ ಮಾಡುತ್ತವೆ. ಅಲರ್ಜಿಯಾದಾಗ ನಮ್ಮ ಮೈಯೇ ಬಿಡುಗಡೆ ಮಾಡುವ ವಸ್ತುವೂ ಇದೇ. ಅದಕ್ಕೇ ಎರಡೂ ನೋಡಲು ಒಂದೇ ಥರ ಕಾಣುತ್ತವೆ: ಮುಖ ಕೆಂಪಾಗುವುದು, ತುರಿಕೆ, ತಲೆನೋವು, ಎದೆ ಡವಡವ, ಕೆಲವರಿಗೆ ವಾಂತಿ ಭೇದಿ. ಸಾಮಾನ್ಯವಾಗಿ ಒಂದು ದಿನದೊಳಗೆ ಇಳಿಯುತ್ತದೆ.

ಇದರಲ್ಲಿ ಕಿರಿಕಿರಿಯ ಸಂಗತಿ ಏನೆಂದರೆ, ಒಮ್ಮೆ ಹುಟ್ಟಿದ ಹಿಸ್ಟಮಿನ್ ಮತ್ತೆ ಹೋಗುವುದಿಲ್ಲ. ಕಾದ ಎಣ್ಣೆಯಲ್ಲಿ ಗರಿಗರಿ ಹುರಿದರೂ ಇರುತ್ತದೆ, ಫ್ರೀಜರಿನಲ್ಲಿಟ್ಟರೂ ಇರುತ್ತದೆ. ನಿಂಬೆಹಣ್ಣು ಹಿಂಡಿದರೆ, ಖಾರ ಜಾಸ್ತಿ ಹಾಕಿದರೆ 'ಎಲ್ಲ ಸಾಯುತ್ತದೆ' ಅನ್ನುವುದು ಇಲ್ಲಿ ನಡೆಯುವುದಿಲ್ಲ. ವಾಸನೆ ಬರಲೇಬೇಕು ಅಂತಲೂ ಇಲ್ಲ. ಒಂದೇ ಒಂದು ಸೂಚನೆ ಕೆಲವೊಮ್ಮೆ ಸಿಗುತ್ತದೆ. ಮೊದಲ ತುತ್ತಿಗೇ ನಾಲಿಗೆ ಚುರುಗುಟ್ಟುತ್ತದೆ, ಕಾಳುಮೆಣಸು ಕಚ್ಚಿದ ಹಾಗೆ. ಮಸಾಲೆಯ ಖಾರ ಅಲ್ಲ ಅದು, ಬೇರೆ ಥರ. ಹಾಗೆ ಅನಿಸಿದರೆ ತಟ್ಟೆ ಪಕ್ಕಕ್ಕೆ ಸರಿಸಿ. ದುಡ್ಡು ಹೋದರೆ ಹೋಗಲಿ.

ನಿಮ್ಮ ಯಜಮಾನರು ಮತ್ತೆ ಮೀನು ತಿನ್ನಬಹುದಾ? ಬಹುಶಃ ತಿನ್ನಬಹುದು. ಆದರೆ ಅದನ್ನು ಮಲ್ಪೆಯಲ್ಲಿ ಪರೀಕ್ಷೆ ಮಾಡಲು ಹೋಗಬೇಡಿ. ಹೊರಡುವ ಮೊದಲು ಊರಲ್ಲೇ ಡಾಕ್ಟರಿಗೆ ಆ ದಿನದ ಕಥೆಯನ್ನು ಹೀಗೇ, 'ಇಬ್ಬರಿಗೂ ಆಯಿತು' ಎನ್ನುವುದನ್ನೂ ಸೇರಿಸಿ ಹೇಳಿ. ಅಲರ್ಜಿ ಹೌದೋ ಅಲ್ಲವೋ ಅವರು ನೋಡುತ್ತಾರೆ. ಎಲ್ಲಿ ತಿಂದರೂ ಉಸಿರು ಕಟ್ಟಿದ ಹಾಗಾದರೆ, ತುಟಿ ನಾಲಿಗೆ ಊದಿದರೆ ಅಲರ್ಜಿಯೋ ಹಿಸ್ಟಮಿನ್ನೋ ಎಂಬ ಚರ್ಚೆ ಬೇಡ, ಸೀದಾ ಆಸ್ಪತ್ರೆಗೆ ಹೋಗಿ.

ಜೂನ್ ಎಂದು ಬರೆದಿದ್ದೀರಲ್ಲ, ಅಲ್ಲೇ ಅರ್ಧ ಉತ್ತರ ಇದೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆ ಇಡುವ ಕಾಲ, ಕಡಲೂ ಹುಚ್ಚು ಹಿಡಿದ ಹಾಗಿರುತ್ತದೆ. ನಾಡದೋಣಿಯವರು ಮಾತ್ರ ಕಡಲು ಬಿಟ್ಟುಕೊಟ್ಟ ದಿನ ಹೋಗಿ ಅಷ್ಟಿಷ್ಟು ತರುತ್ತಾರೆ. ಅದು ಊರವರಿಗೇ ಸಾಲುವುದಿಲ್ಲ. ಹಾಗಾದರೆ ಬೀಚ್ ಹೋಟೆಲಿನ ಬಂಗುಡೆ ಎಲ್ಲಿಂದ ಬಂತು? ಒಂದೋ ಫ್ರೀಜರಿನಿಂದ, ಇಲ್ಲವೇ ಲಾರಿಯಲ್ಲಿ ಪೂರ್ವ ಕರಾವಳಿಯಿಂದ. ಅಲ್ಲಿನ ನಿಷೇಧ ಏಪ್ರಿಲ್ 15ರಿಂದ ಜೂನ್ 14ರವರೆಗೆ, ಅಂದರೆ ನಮ್ಮಲ್ಲಿ ದೋಣಿ ನಿಂತಿರುವಾಗ ಅಲ್ಲಿ ಶುರುವಾಗಿರುತ್ತದೆ. ಲಾರಿ ಮೀನೆಲ್ಲ ಕೆಟ್ಟದ್ದು ಅಂತಲ್ಲ. ಕೈ ಬದಲಾದಷ್ಟೂ ಐಸ್ ತಪ್ಪುವ ಜಾಗ ಜಾಸ್ತಿಯಾಗುತ್ತದೆ, ಅಷ್ಟೆ. ನಮ್ಮ ಮನೆಯಲ್ಲಿ ಆಷಾಢದಲ್ಲಿ ಒಣಮೀನಿನ ಚಟ್ನಿ, ಹಲಸಿನ ಬೀಜ, ಕೆಸುವಿನ ಸೊಪ್ಪು. ಪ್ರವಾಸಿಗರು ಮಾತ್ರ ಅದೇ ಹೊತ್ತಿಗೆ ಬಂದು ತಾಜಾ ಬಂಗುಡೆ ಕೇಳುತ್ತಾರೆ.

ಡಿಸೆಂಬರ್ ಹಾಗಲ್ಲ. ಕಡಲು ಶಾಂತವಾಗಿರುತ್ತದೆ, ಎಲ್ಲ ದೋಣಿಯೂ ಹೋಗುತ್ತವೆ. ಮೀನಿನ ಲೆಕ್ಕದಲ್ಲಿ ಒಳ್ಳೆಯ ಕಾಲ. ತೊಂದರೆ ಇರುವುದು ನೀವು ಆರಿಸಿದ ವಾರದಲ್ಲಿ. ಕ್ರಿಸ್ಮಸ್‌ನಿಂದ ಹೊಸ ವರ್ಷದ ತನಕ ಶಾಲಾ ಪ್ರವಾಸದ ಬಸ್ಸು, ಬೆಂಗಳೂರಿನ ಕಾರು ಎಲ್ಲ ಸೇರಿ ಐವತ್ತು ಜನರ ಅಡುಗೆಮನೆ ಇನ್ನೂರು ಜನರಿಗೆ ಬಡಿಸುತ್ತಿರುತ್ತದೆ. ಆಗ ಯಾವ ಒಳ್ಳೆಯ ಹೋಟೆಲೂ ಎಡವುತ್ತದೆ. ಜನವರಿ ಎರಡನೇ ವಾರಕ್ಕೆ ಮುಂದೂಡಲು ಆಗುವುದಾದರೆ ಮುಂದೂಡಿ. ಮಗನ ರಜೆ ಬಿಟ್ಟರೆ ಬೇರೆ ದಾರಿ ಇಲ್ಲ ಎಂದರೆ, ಊಟದ ಹೊತ್ತನ್ನಾದರೂ ಹಿಂದೆ ತನ್ನಿ. ಹನ್ನೆರಡೂವರೆಗೆ ಕೂತುಬಿಡಿ.

ಈಗ ಐಸ್ ವಿಷಯ. 'ಐಸ್‌ನಲ್ಲಿಟ್ಟಿದ್ದಾರೆ, ಹಾಗಾದರೆ ಹಳೆಯದು' ಎನ್ನುವ ಮಾತು ಘಟ್ಟದ ಮೇಲಿನವರ ಬಾಯಲ್ಲಿ ಬಹಳ ಕೇಳಿದ್ದೇನೆ. ಇದು ತಲೆಕೆಳಗಾದ ಲೆಕ್ಕ. ಹಿಡಿದ ಗಳಿಗೆಯಿಂದ ಐಸ್‌ನಲ್ಲಿದ್ದ ನಾಲ್ಕು ದಿನದ ಮೀನು, ಬೆಳಿಗ್ಗೆ ಹಿಡಿದು ಬುಟ್ಟಿಯಲ್ಲಿ ಬಿಸಿಲು ಕಂಡ ಮೀನಿಗಿಂತ ಎಷ್ಟೋ ವಾಸಿ. ನಮ್ಮಲ್ಲಿನ ಸೆಖೆಗೆ ಒಂದು ಕೆ.ಜಿ. ಮೀನಿಗೆ ಒಂದು ಕೆ.ಜಿ. ಐಸ್ ಎನ್ನುವುದು ಕೈಗೆ ಬಂದ ಲೆಕ್ಕ. ಒಮ್ಮೆ ಬಂದರಿನ ಹೊರಗೆ, ಹನ್ನೊಂದು ಗಂಟೆಯ ಹೊತ್ತಿಗೆ, ಒಬ್ಬರು 'ಈಗಷ್ಟೇ ಬಂದ ಮೀನು, ಐಸ್ ಮುಟ್ಟಿಲ್ಲ' ಎಂದು ಹೆಮ್ಮೆಯಿಂದ ಬಂಗುಡೆ ಮಾರುತ್ತಿದ್ದರು. ಮೀನು ನೋಡಲು ಚಂದ. ಬೆನ್ನಿನ ಮೇಲಿನ ಹಸಿರು ಗೆರೆ ಇನ್ನೂ ಹೊಳೆಯುತ್ತಿತ್ತು. ಅಭ್ಯಾಸ ಬಲ, ಜೇಬಿನಲ್ಲಿದ್ದ ಥರ್ಮಾಮೀಟರ್ ಚುಚ್ಚಿದೆ. 29 ಡಿಗ್ರಿ! ನಮ್ಮ ಘಟಕದಲ್ಲಿ 4 ಡಿಗ್ರಿ ದಾಟಿದರೆ ಆ ಕ್ರೇಟನ್ನೇ ಪಕ್ಕಕ್ಕಿಡುತ್ತಿದ್ದೆವು. ನನ್ನ ಜೊತೆ ಬಂದಿದ್ದ ಭಾವ ಅಷ್ಟರಲ್ಲಿ ಎರಡು ಕೆ.ಜಿ. ಕಟ್ಟಿಸಿಯಾಗಿತ್ತು.

ಹಾಗಾಗಿ 'ಫ್ರೆಶ್ ಇದೆಯಾ?' ಎಂದು ಕೇಳಬೇಡಿ. ಆ ಪ್ರಶ್ನೆಗೆ 'ಇಲ್ಲ' ಅಂದ ಹೋಟೆಲಿನವರನ್ನು ನಾನು ಇವತ್ತಿನವರೆಗೂ ನೋಡಿಲ್ಲ. 'ಯಾವ ಬೋಟಿನ ಮೀನು?' ಎಂದು ಕೇಳಿ. ಅಲ್ಲಿಗೆ ಮಾತಿನ ಧಾಟಿಯೇ ಬದಲಾಗುತ್ತದೆ. ಆಳಸಮುದ್ರದ ಟ್ರಾಲ್ ಬೋಟುಗಳು ಹೋದರೆ ಎಂಟು, ಹತ್ತು ದಿನ ಕಡಲಲ್ಲೇ ಇರುತ್ತವೆ. ಮೊದಲ ದಿನ ಬಲೆಗೆ ಬಿದ್ದ ಮೀನು ದಕ್ಕೆಗೆ, ಅಂದರೆ ಬಂದರಿನ ಕಟ್ಟೆಗೆ, ಬರುವಾಗ ಅದಕ್ಕೆ ವಾರ ಕಳೆದಿರುತ್ತದೆ. ಐಸ್ ಸರಿಯಾಗಿದ್ದರೆ ತಿನ್ನಲು ಅಡ್ಡಿಯಿಲ್ಲ, ರುಚಿ ಮಾತ್ರ ಸ್ವಲ್ಪ ಸಪ್ಪೆ. ಮೀನಿನ ಹಿಂಡಿನ ಸುತ್ತ ಬಲೆ ಬೀಸುವ ಪರ್ಸೀನ್ ಬೋಟಿನವರು ಸಾಮಾನ್ಯವಾಗಿ ಹೋದ ದಿನವೇ ತಿರುಗಿ ಬರುತ್ತಾರೆ. ಬಂಗುಡೆ, ಬೂತಾಯಿ ರಾಶಿರಾಶಿ ಬರುವುದು ಇವರ ಬಲೆಯಲ್ಲಿ. ನಾಡದೋಣಿಯವರು ಹತ್ತಿರದಲ್ಲೇ ಹಿಡಿದು ಕೆಲವೇ ಗಂಟೆಗಳಲ್ಲಿ ದಡ ಸೇರುತ್ತಾರೆ. ಕೈರಂಪಣಿಯಂತೂ ದಡದಲ್ಲೇ ನಿಂತು ಎಳೆಯುವ ಬಲೆ. ನಿಮ್ಮ ಅದೃಷ್ಟ ಚೆನ್ನಾಗಿದ್ದರೆ ಬೆಳಿಗ್ಗೆ ಬೀಚಿನಲ್ಲಿ ನಡೆಯುವಾಗ ಸಿಗಬಹುದು. ಮಗನನ್ನು ಹಗ್ಗಕ್ಕೆ ಕೈ ಹಾಕಲು ಬಿಡಿ, ಯಾರೂ ಬೈಯುವುದಿಲ್ಲ.

ಇದರ ಅರ್ಥ ಏನು? ಸಣ್ಣ ಮೀನು, ಹತ್ತಿರದ ಮೀನು, ಮಧ್ಯಾಹ್ನದ ಊಟಕ್ಕೆ. ನನ್ನ ಸಲಹೆ ಇಷ್ಟೇ. ಪ್ರವಾಸಕ್ಕೆ ಬಂದವರು ಅಂಜಲ್, ಪಾಂಪ್ಲೆಟ್, ಟೈಗರ್ ಸಿಗಡಿ ಎಂದು ದೊಡ್ಡದರ ಹಿಂದೆ ಬೀಳುತ್ತಾರೆ. ಅವು ದುಬಾರಿ. ದುಬಾರಿ ಮೀನು ಖರ್ಚಾಗದಿದ್ದರೆ ಹೋಟೆಲಿನವರು ಬಿಸಾಡುವುದಿಲ್ಲ, ನಾಳೆಗೆ ಇಡುತ್ತಾರೆ. ಬೂತಾಯಿಯನ್ನು ಯಾರೂ ನಾಳೆಗೆ ಇಡುವುದಿಲ್ಲ. ಇಟ್ಟರೆ ಹೊಟ್ಟೆ ಒಡೆದು ಗುಟ್ಟು ರಟ್ಟಾಗುತ್ತದೆ.

ಹೆಸರಿನ ಗೊಂದಲ ಒಂದಿದೆ, ಹೇಳಿಬಿಡುತ್ತೇನೆ. ಮಲ್ಪೆಯ ಬೂತಾಯಿ ಕುಂದಾಪುರಕ್ಕೆ ಬಂದರೆ ಬೈಗೆ, ಕುಮಟೆ ದಾಟಿದರೆ ತಾರ್ಲೆ. ಅಂಜಲ್ ಉತ್ತರ ಕನ್ನಡದಲ್ಲಿ ಇಸ್ವಾಣ. ಕಾಣೆ ಮೀನಿಗೆ ಕಾರವಾರದ ಕಡೆ ನೊಗ್ಲಿ ಎನ್ನುತ್ತಾರೆ. ಹೆಸರು ಬದಲಾಯಿತು ಎಂದು ಬೇರೆ ಮೀನು ಅಂದುಕೊಂಡು ದಿನಾ ಅದನ್ನೇ ತಿಂದವರಿದ್ದಾರೆ.

ಮಗನಿಗೆ ಮುಳ್ಳಿನ ಭಯ ಇದ್ದರೆ ಕಾಣೆ ಕೊಡಿಸಿ. ನಡುವೆ ಒಂದೇ ಗಟ್ಟಿ ಮುಳ್ಳು. ಹುರಿದ ಕಾಣೆಯನ್ನು ಬೆನ್ನಿನ ಉದ್ದಕ್ಕೆ ಬೆರಳಲ್ಲಿ ಮೆಲ್ಲಗೆ ಒತ್ತಿ, ಎರಡು ಹೋಳು ಬಿಡಿಸಿ, ಬಾಲ ಹಿಡಿದು ಎತ್ತಿದರೆ ಮುಳ್ಳು ಬಾಚಣಿಗೆಯ ಹಾಗೆ ಇಡಿಯಾಗಿ ಬರುತ್ತದೆ. 'ಬೋನ್‌ಲೆಸ್ ಫಿಶ್ ಫ್ರೈ' ಎಂದು ಮೆನುವಿನಲ್ಲಿದ್ದರೆ ಅದು ಹೆಚ್ಚಾಗಿ ಬಾಸಾ, ಸಾಕಿದ ಸಿಹಿನೀರಿನ ಮೀನು, ಫ್ರೀಜರಿನಿಂದ ಬಂದದ್ದು. ಕೆಟ್ಟದ್ದಲ್ಲ. ಆದರೆ ಅದನ್ನು ತಿನ್ನಲು ಮಲ್ಪೆಗೆ ಯಾಕೆ ಬರಬೇಕು, ದಾವಣಗೆರೆಯಲ್ಲೇ ಸಿಗುತ್ತದೆ.

ಹೋಟೆಲ್ ಹೇಗೆ ಆರಿಸುವುದು? ಕಡಲು ಕಾಣುವ ಮೇಜಿಗೆ ನೀವು ಬಾಡಿಗೆ ಕೊಡುತ್ತೀರಿ, ಮೀನಿಗಲ್ಲ. ಸಂಜೆ ಅಲ್ಲಿ ಕೂತು ಚಹಾ ಕುಡಿಯಿರಿ. ಊಟಕ್ಕೆ ಬೀಚಿನಿಂದ ಹಿಂದಕ್ಕೆ, ಬಸ್ ಸ್ಟ್ಯಾಂಡ್, ಮೀನು ಮಾರ್ಕೆಟ್, ಬಂದರಿನ ರಸ್ತೆ ಕಡೆಗೆ ಹೋಗಿ. ಬೋರ್ಡಿನಲ್ಲಿ 'ಮೀನೂಟ' ಎಂದಿರುತ್ತದೆ. ಲುಂಗಿ ಉಟ್ಟವರು, ಆಟೋದವರು, ಬ್ಯಾಂಕಿನವರು ಒಟ್ಟಿಗೆ ಕೂತಿದ್ದರೆ ಒಳಗೆ ಹೋಗಿ. ಮೂರು ಗಂಟೆಗೆ 'ಮೀನು ಮುಗಿಯಿತು' ಎನ್ನುವ ಹೋಟೆಲು ಒಳ್ಳೆಯ ಹೋಟೆಲು. ರಾತ್ರಿ ಹತ್ತಕ್ಕೂ ಹದಿನಾಲ್ಕು ಬಗೆ ಮೀನು ಇದೆ ಎನ್ನುವಲ್ಲಿ ಫ್ರೀಜರ್ ದೊಡ್ಡದಿದೆ ಎಂದರ್ಥ. ಒಂದು ಮಾತು: ಕೆಲವು ಮನೆಗಳಲ್ಲಿ ಸೋಮವಾರ, ಸಂಕ್ರಮಣದ ದಿನ ಮೀನು ಇಲ್ಲ. ಆ ದಿನ ಊರವರ ಗಿರಾಕಿ ಕಡಿಮೆ, ಹಿಂದಿನ ದಿನದ್ದು ಉಳಿದಿರಬಹುದು. ನಾನಾದರೆ ಸೋಮವಾರ ಕೋಳಿ ತಿನ್ನುತ್ತೇನೆ.

ಬಹಳ ಕಡೆ ಮಸಾಲೆ ಹಚ್ಚಿದ ಮೀನನ್ನು ತಟ್ಟೆಯಲ್ಲಿಟ್ಟು ಮೇಜಿನ ಹತ್ತಿರ ತಂದು ತೋರಿಸುತ್ತಾರೆ. ಕೆಂಪಗೆ ಹೊಳೆಯುತ್ತಿರುತ್ತದೆ, ಎಲ್ಲವೂ ಚಂದ ಕಾಣುತ್ತದೆ. ಮಸಾಲೆ ಹಚ್ಚದ್ದನ್ನು ತೋರಿಸಿ ಎನ್ನಿ, ನಾಚಿಕೆ ಬೇಡ. ಕಣ್ಣು ಉಬ್ಬಿ ತಿಳಿಯಾಗಿರಬೇಕು, ಗುಳಿಬಿದ್ದು ಬೆಳ್ಳಗಾಗಿರಬಾರದು. ಕಿವಿರು ಕೆಂಪಗಿರಬೇಕು. ಹೆಬ್ಬೆರಳಲ್ಲಿ ಒತ್ತಿದರೆ ಗುಳಿ ತಕ್ಷಣ ಏಳಬೇಕು. ಸಿಗಡಿಯ ತಲೆ ಕಪ್ಪಾಗಿದ್ದರೆ ಬೇಡ. ಬೊಂಡಾಸ್ (ಸ್ಕ್ವಿಡ್) ಬೆಳ್ಳಗಿರಬೇಕು, ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಅದರ ಕಾಲ ಕಳೆದಿದೆ. ಏಡಿ ಜೀವಂತ ಇರಬೇಕು, ಕೈಯಲ್ಲಿ ಹಿಡಿದರೆ ಭಾರ ಅನಿಸಬೇಕು. ತೋರಿಸಲು ಒಪ್ಪದ ಕಡೆ ಎದ್ದು ಬನ್ನಿ. ಮೊದಲೇ ಹೇಳಿದ ಹಾಗೆ ಹಿಸ್ಟಮಿನ್ ಇದರಲ್ಲಿ ಪೂರ್ತಿ ಗೊತ್ತಾಗುವುದಿಲ್ಲ. ಆದರೆ ಒಂದರಲ್ಲಿ ಉದಾಸೀನ ಮಾಡುವವರು ಇನ್ನೊಂದರಲ್ಲೂ ಮಾಡುತ್ತಾರೆ.

ಮೊದಲ ದಿನ ರವಾ ಫ್ರೈ ಬೇಡ. ರವೆಯ ಕವಚ ಯಾವ ಮೀನನ್ನೂ ಗರಿಗರಿ ಮಾಡಿ ಕೊಡುತ್ತದೆ, ಒಳಗಿನ ಮೀನು ಮೆತ್ತಗಾಗಿದ್ದರೂ ಗೊತ್ತಾಗುವುದಿಲ್ಲ. ತವಾ ಫ್ರೈ ಹೇಳಿ. ಹೊಸ ಮೀನಿನ ಮಾಂಸ ದಪ್ಪ ಪದರವಾಗಿ ಬಿಡುತ್ತದೆ, ಹಳೆಯದು ಹಿಟ್ಟಿನ ಹಾಗೆ ಕಲಸಿಕೊಳ್ಳುತ್ತದೆ. ಆಮೇಲೆ ಪುಳಿಮುಂಚಿ, ಗಸಿ, ಏನು ಬೇಕಾದರೂ ತಿನ್ನಿ. ಊಟಕ್ಕೆ 'ಬೆಳ್ತಿಗೆಯಾ, ಕುಚಲಕ್ಕಿಯಾ' ಎಂದು, ಅಂದರೆ ಮಾಮೂಲಿ ಬಿಳಿ ಅನ್ನವೋ ಭತ್ತ ಬೇಯಿಸಿ ಮಾಡಿದ ಅಕ್ಕಿಯ ಅನ್ನವೋ ಎಂದು, ಕೇಳುತ್ತಾರೆ. ಕುಚಲಕ್ಕಿ ಎನ್ನಿ. ಮೊದಲ ತುತ್ತಿಗೆ ದಪ್ಪ ಅನಿಸುತ್ತದೆ, ಮೀನು ಸಾರು ಸೇರಿದ ಮೇಲೆ ಬೇರೆ ಅನ್ನ ಬೇಡವೆನಿಸುತ್ತದೆ.

ಚಿಪ್ಪುಮೀನಿನ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಬಿಗಿ. ಮಲ್ಪೆಯ ಕಡೆ ಮರುವಾಯಿ, ಅಘನಾಶಿನಿ ಅಳಿವೆಯಲ್ಲಿ ಬಳಚು. ರುಚಿಗೆ ಸಾಟಿಯಿಲ್ಲ. ಆದರೆ ಅವು ನೀರು ಸೋಸಿ ಬದುಕುವ ಜೀವಿ. ನೀರಿನಲ್ಲಿ ಇದ್ದದ್ದೆಲ್ಲ ಅದರ ಹೊಟ್ಟೆಯಲ್ಲಿ ಸೇರುತ್ತದೆ, ಊರಿನ ಕೊಳೆಯೂ ಸೇರಿ. ಚೆನ್ನಾಗಿ ಬೇಯಿಸಿದರೆ ರೋಗಾಣು ಸಾಯುತ್ತವೆ. ಬೆಂದ ಮೇಲೂ ಬಾಯಿ ಬಿಡದ ಚಿಪ್ಪನ್ನು ಎಸೆಯಬೇಕು. ಅಪರೂಪಕ್ಕೆ ನೀರಿನಲ್ಲಿ ಬೆಳೆಯುವ ಪಾಚಿಯಂಥ ಸೂಕ್ಷ್ಮ ಜೀವಿಗಳಿಂದ ವಿಷ ಸೇರುವುದೂ ಉಂಟು, ಅದು ಬೇಯಿಸಿದರೂ ಹೋಗುವುದಿಲ್ಲ. 1983ರಲ್ಲಿ ಮಂಗಳೂರಿನ ಹತ್ತಿರ ಹೀಗೆ ಆಗಿತ್ತು. ಊರಿನವರ ಮನೆಯಲ್ಲಿ, ಊರಿನವರು ಹೋಗುವ ಹೋಟೆಲಿನಲ್ಲಿ ಬಿಸಿಬಿಸಿ ಮರುವಾಯಿ ಸುಕ್ಕ ಸಿಕ್ಕಿದರೆ ತಿನ್ನಿ. ಬೀಚಿನ ಗಾಡಿಯಲ್ಲಿ ಬೇಡ. ನಿಮ್ಮ ನಾದಿನಿಗೆ ಎಲ್ಲಿಯೂ ಬೇಡ.

ಅವರಿಗೆ ಮೀನೇ ಬೇಡವಾ ಎಂದರೆ, ಹಾಗಲ್ಲ. ಬಸುರಿಯರಿಗೆ ಸಣ್ಣ ಮೀನು ಒಳ್ಳೆಯದೇ. ದೊಡ್ಡ ಬೇಟೆಗಾರ ಮೀನುಗಳ ಮೈಯಲ್ಲಿ ಪಾದರಸ ಜಾಸ್ತಿ ಸೇರಿರುತ್ತದೆ. ತಾಟೆ (ಶಾರ್ಕ್), ದೊಡ್ಡ ಕೇದರ್, ದೊಡ್ಡ ಅಂಜಲ್ ಅವರ ತಟ್ಟೆಗೆ ಬೇಡ. ಕಾಣೆ, ಬೂತಾಯಿ, ಬಂಗುಡೆ, ಸಿಗಡಿ ಚೆನ್ನಾಗಿ ಬೆಂದದ್ದು ಇರಲಿ. ಅವರ ಡಾಕ್ಟರು ಬೇರೆ ಏನಾದರೂ ಹೇಳಿದ್ದರೆ ಅದೇ ಸರಿ.

ಫಾರ್ಮಾಲಿನ್ ಭಯ 2018ರಲ್ಲಿ ಜೋರಾಯಿತು. ಆ ವರ್ಷ ಕೇರಳದಲ್ಲಿ ಫಾರ್ಮಾಲಿನ್ ಸೇರಿಸಿದ ಮೀನಿನ ಲಾರಿಗಳನ್ನು ಹಿಡಿದರು, ಗೋವಾದಲ್ಲೂ ದೊಡ್ಡ ಗಲಾಟೆಯಾಯಿತು. ಅಂದರೆ ಪೂರ್ತಿ ಕಟ್ಟುಕಥೆಯಲ್ಲ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಅದನ್ನು ಕಂಡುಹಿಡಿಯುವ ಸುಲಭದ ಕಿಟ್ ಕೂಡ ತಯಾರಿಸಿದೆ. ಆದರೆ ಯೋಚನೆ ಮಾಡಿ, ರಾಸಾಯನಿಕ ಹಾಕುವ ಅಗತ್ಯ ಯಾರಿಗೆ? ದೂರ ಸಾಗಿಸುವವರಿಗೆ. ಬೆಳಿಗ್ಗೆ ದಕ್ಕೆಯಲ್ಲಿ ಹರಾಜಾಗಿ ಮಧ್ಯಾಹ್ನಕ್ಕೆ ಬಾಣಲೆಗೆ ಬೀಳುವ ಮೀನಿಗೆ ಆ ಖರ್ಚು ಯಾರೂ ಮಾಡುವುದಿಲ್ಲ. 'ನೊಣ ಕೂರದಿದ್ದರೆ ಫಾರ್ಮಾಲಿನ್' ಎಂಬ ಪರೀಕ್ಷೆಯನ್ನು ನಂಬಬೇಡಿ. ಐಸ್ ಚೆನ್ನಾಗಿದ್ದರೂ ನೊಣ ಕಡಿಮೆಯೇ. ಕಿವಿರು ಮಾಸಿ, ಕಣ್ಣು ಒಣಗಿ, ಮೈ ಮಾತ್ರ ರಬ್ಬರಿನ ಹಾಗೆ ಬಿಗಿಯಾಗಿದ್ದರೆ ಆಗ ಅನುಮಾನ ಪಡಿ.

ಮೀನು, ಮೊಸರು, ತೊನ್ನು. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳನ್ನು ಮೈಯ ರೋಗನಿರೋಧಕ ಶಕ್ತಿಯೇ ಹಾಳು ಮಾಡುವುದರಿಂದ ತೊನ್ನು ಬರುತ್ತದೆ, ತಿಂದದ್ದರಿಂದಲ್ಲ. ಬಂಗಾಳಿಗಳು ಮೊಸರಿನಲ್ಲೇ ಮೀನು ಬೇಯಿಸುತ್ತಾರೆ. ಆಯುರ್ವೇದ ಹಾಲು ಮೀನನ್ನು ವಿರುದ್ಧಾಹಾರ ಎನ್ನುತ್ತದೆ, ಅದನ್ನು ಪಾಲಿಸುವವರು ಪಾಲಿಸಲಿ. ನಮ್ಮ ಅಮ್ಮ ಕೂಡ ಮೀನೂಟದ ದಿನ ಮಜ್ಜಿಗೆ ಬಡಿಸುತ್ತಿರಲಿಲ್ಲ. ಕೇಳಿದರೆ 'ಬೇಡ ಅಂದ್ರೆ ಬೇಡ' ಎಂಬುದೇ ಉತ್ತರ. ಊಟದ ಕೊನೆಗೆ ಪುನರ್ಪುಳಿ (ಕೋಕಂ) ಸಾರು ಕುಡಿಯಿರಿ. ಉತ್ತರ ಕನ್ನಡದಲ್ಲಿ ಅದಕ್ಕೆ ಮುರುಗಲು ಎನ್ನುತ್ತಾರೆ, ಕಾರವಾರದ ಕಡೆ ತೆಂಗಿನಹಾಲು ಸೇರಿಸಿ ಸೋಲ್ ಕಡಿ ಮಾಡುತ್ತಾರೆ. ಜಗಳವೇ ಮುಗಿಯಿತು.

ಮಗನ ಭೇದಿಗೆ ಮೀನು ಕಾರಣ ಇರಲಿಕ್ಕಿಲ್ಲ. ಕರಾವಳಿಯಲ್ಲಿ ಹೊಟ್ಟೆ ಕೆಡಿಸುವುದರಲ್ಲಿ ನನ್ನ ಅನುಮಾನ ಮೊದಲು ಹೋಗುವುದು ತೆಂಗಿನಕಾಯಿ ಚಟ್ನಿ ಮೇಲೆ. ನಗಬೇಡಿ. ಹಸಿ ಕಾಯಿ ರುಬ್ಬಿದ್ದು, ಬೇಯಿಸದ್ದು, ಒಗ್ಗರಣೆಯೂ ನೆಪಕ್ಕೆ. ಬೆಳಿಗ್ಗೆ ಏಳಕ್ಕೆ ರುಬ್ಬಿದ ಚಟ್ನಿ ನಮ್ಮ ಸೆಖೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಹುಳಿ ಬರಲು ಶುರು. ಅದೇ ಚಟ್ನಿ ಸಂಜೆ ಐದಕ್ಕೆ ಗೋಳಿಬಜೆ ಜೊತೆ ಬರುತ್ತದೆ. ಗೋಳಿಬಜೆ ಎಣ್ಣೆಯಿಂದ ಈಗಷ್ಟೇ ಎದ್ದದ್ದು, ಅದಕ್ಕೇನೂ ದೋಷವಿಲ್ಲ. ಬೆರಳ ತುದಿಯಲ್ಲಿ ಚಟ್ನಿ ನೆಕ್ಕಿ ನೋಡಿ, ಸ್ವಲ್ಪ ಹುಳಿ, ಸ್ವಲ್ಪ ನೊರೆ ಕಂಡರೆ ಬಜೆಯನ್ನು ಬರಿದೇ ತಿನ್ನಿ. ಆಮೇಲಿನ ಅನುಮಾನ ಕಬ್ಬಿನ ಹಾಲಿನ ಐಸ್, ಕತ್ತರಿಸಿಟ್ಟ ಹಣ್ಣು, ಜಗ್ಗಿನ ನೀರು. ಎಳನೀರು ಕಣ್ಣೆದುರೇ ಕೆತ್ತಿಸಿ ಕುಡಿಯಿರಿ. ನಾಲ್ಕು ಓಆರ್‌ಎಸ್ ಪ್ಯಾಕೆಟ್ ಬ್ಯಾಗಿನಲ್ಲಿರಲಿ. ಭೇದಿಯಲ್ಲಿ ರಕ್ತ ಕಂಡರೆ, ಜ್ವರ ಬಂದರೆ, ಮಗು ಮಂಕಾದರೆ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ.

ಅತ್ತೆ ಮಾವನವರ ಚಿಂತೆ ಬಿಡಿ. ನಿಮಗಿಂತ ಅವರೇ ಚೆನ್ನಾಗಿ ಉಣ್ಣುತ್ತಾರೆ. ಉಡುಪಿಯಲ್ಲಿ ಮಧ್ಯಾಹ್ನ ಕೃಷ್ಣಮಠದ ಊಟಕ್ಕೆ ಕಳಿಸಿ. ಡಿಸೆಂಬರಿಗೆ ಮಟ್ಟು ಗುಳ್ಳ ಮಾರುಕಟ್ಟೆಗೆ ಬರುತ್ತಿರುತ್ತದೆ. ಮಲ್ಪೆಯ ದಕ್ಷಿಣಕ್ಕೆ ಮಟ್ಟು ಎಂಬ ಊರಿನ ಗುಂಡಗಿನ ಹಸಿರು ಬದನೆ ಅದು. ವಾದಿರಾಜರು ಬೀಜ ಕೊಟ್ಟರು ಎಂಬ ಕಥೆಯಿದೆ, 2011ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯೂ ಸಿಕ್ಕಿದೆ. ಅದರ ಹುಳಿ ಬಿಸಿಯಾಗಿ ಸಿಕ್ಕರೆ ಬಿಡಬೇಡಿ, ಬಾಯಲ್ಲಿ ಬೆಣ್ಣೆ. ಬೆಳಿಗ್ಗೆಗೆ ಹಲಸಿನ ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಕಡುಬು. ಹಬೆಯಿಂದ ನೇರ ತಟ್ಟೆಗೆ ಬರುವುದರಿಂದ ಹೊಟ್ಟೆಗೂ ಕ್ಷೇಮ. ದಾರಿಗೆ ಬನ್ಸ್ ಕಟ್ಟಿಸಿಕೊಳ್ಳಿ, ಬಾಳೆಹಣ್ಣು ಹಾಕಿ ಮಾಡುವ ಅದು ಮರುದಿನಕ್ಕೂ ಚೆನ್ನಾಗಿರುತ್ತದೆ.

ಹೊನ್ನಾವರ, ಕುಮಟೆ ದಾಟಿದ ಮೇಲೆ ಊಟದ ಭಾಷೆ ಬದಲಾಗುತ್ತದೆ. ಸಣ್ಣ ಖಾನಾವಳಿಗಳಲ್ಲಿ ತಂಬುಳಿ, ಅಪ್ಪೆಹುಳಿ ಕೇಳಿ ನೋಡಿ. ಎಲ್ಲ ದಿನ ಇರುವುದಿಲ್ಲ. ತೊಡದೇವು ಮಾಡುವುದನ್ನು ನೋಡುವ ಅವಕಾಶ ಸಿಕ್ಕರೆ ಹತ್ತು ನಿಮಿಷ ನಿಲ್ಲಿ. ಬೋರಲು ಹಾಕಿದ ಕಾದ ಮಡಕೆಯ ಮೇಲೆ ಕಬ್ಬಿನ ಹಾಲು, ಅಕ್ಕಿಹಿಟ್ಟಿನ ತೆಳ್ಳನೆಯ ಹಿಟ್ಟನ್ನು ಬಟ್ಟೆಯಲ್ಲಿ ಎಳೆಯುತ್ತಾರೆ. ಕಾಗದದಷ್ಟು ತೆಳುವಾಗಿ ಏಳುತ್ತದೆ. ನಿಮ್ಮ ಮಾವ ಹಿಂತಿರುಗಿ ಬಂದ ಮೇಲೂ ಅದರ ಮಾತೇ ಆಡುತ್ತಾರೆ ನೋಡಿ.

ಒಂದು ಎಚ್ಚರಿಕೆ. ಮೀನಿನ ಹೋಟೆಲಿನಲ್ಲಿ 'ವೆಜ್ ಊಟವೂ ಇದೆ' ಎನ್ನುತ್ತಾರೆ. ಸುಳ್ಳಲ್ಲ, ಆದರೆ ಸೌಟು ಒಂದೇ, ಎಣ್ಣೆಯೂ ಒಂದೇ ಇರಬಹುದು. ಪೂರ್ತಿ ಬಿಟ್ಟವರಿಗೆ ಅದು ಮನಸ್ಸಿಗೆ ಕಷ್ಟ. ಎರಡು ಗುಂಪಾಗಿ ಊಟ ಮಾಡಿ. ಮುರುಡೇಶ್ವರ, ಗೋಕರ್ಣದಲ್ಲಿ ಎರಡೂ ಬಗೆಯ ಹೋಟೆಲು ನಡೆದು ಹೋಗುವಷ್ಟು ಹತ್ತಿರ ಸಿಗುತ್ತವೆ. ಕುಂದಾಪುರದಲ್ಲಿ ಮಾತ್ರ ಮೀನಿಗೆ ಒಂದು ಹೊತ್ತು ರಜೆ ಕೊಟ್ಟು ಕೋಳಿ ಸಾರು, ನೀರುದೋಸೆ ತಿನ್ನಿ. ಹಿಸ್ಟಮಿನ್ ಹೆದರಿಕೆ ಇನ್ನೂ ಹೋಗಿರದ ನಿಮ್ಮ ಯಜಮಾನರಿಗೆ ಮೊದಲ ದಿನ ಅಲ್ಲಿಂದಲೇ ಶುರು ಮಾಡಿಸಬಹುದು. ಘೀ ರೋಸ್ಟ್ ಹುಟ್ಟಿದ ಊರೂ ಅದೇ.

ದುಡ್ಡಿನ ಮಾತು. ಮೆನುವಿನಲ್ಲಿ ಬೆಲೆಯ ಜಾಗದಲ್ಲಿ 'ಸೈಜ್ ಪ್ರಕಾರ' ಎಂದಿದ್ದರೆ ಬಾಣಲೆಗೆ ಹಾಕುವ ಮೊದಲೇ ರೇಟು ಕೇಳಿ. ಇಡೀ ಜೀವನ ಮೀನಿನ ಜೊತೆ ಕಳೆದ ನಾನೇ ಒಮ್ಮೆ ಬೀಚಿನ ಹೋಟೆಲೊಂದರಲ್ಲಿ, ನೆಂಟರೆದುರು ಕೇಳಲು ಸಂಕೋಚವಾಗಿ, ಒಂದು ಪಾಂಪ್ಲೆಟ್ ಹೇಳಿದೆ. ಬಿಲ್ಲು ನೋಡಿ ಮೀನಿನ ಮುಳ್ಳು ಗಂಟಲಿಗೆ ಸಿಕ್ಕ ಹಾಗಾಯಿತು. ಮನೆಗೆ ಬಂದ ಮೇಲೆ ಹೆಂಡತಿ, 'ಕಿವಿರು ನೋಡಲು ಬರುತ್ತದೆ, ಬೋರ್ಡು ನೋಡಲು ಬರುವುದಿಲ್ಲವಾ' ಎಂದಳು.

ಹೊರಡುವ ದಿನ ಹಸಿ ಮೀನು ಕಟ್ಟಿಸಿಕೊಂಡು ಹೋಗುವ ಆಸೆ ಬೇಡ. ದಾವಣಗೆರೆಯವರೆಗೆ ಥರ್ಮೋಕೋಲ್ ಡಬ್ಬಿ, ಸಮ ತೂಕದ ಐಸ್, ಕರಗಿದ ನೀರು ಹೊರಹೋಗಲು ದಾರಿ ಇಷ್ಟೂ ಇದ್ದರೆ ಮಾತ್ರ ಆದೀತು. ಒಣಮೀನು ತೆಗೆದುಕೊಳ್ಳಿ. ಸಣ್ಣ ಸಿಗಡಿ ಒಣಗಿಸಿದ್ದು ಸಾಕು, ಚಟ್ನಿಗೆ ಅದಕ್ಕಿಂತ ಒಳ್ಳೆಯದು ಇಲ್ಲ. ಹಿಡಿಯಲ್ಲಿ ಹಿಸುಕಿದರೆ ಗರಗರ ಎನ್ನಬೇಕು, ಕೈಗೆ ತೇವ ತಾಗಬಾರದು, ಕೆಂಪು ಕೆಂಪು ಚುಕ್ಕೆ ಇರಬಾರದು. ಎರಡು ಪ್ಲಾಸ್ಟಿಕ್ ಕವರಿನಲ್ಲಿ ಗಂಟು ಹಾಕಿ, ಅದರ ಮೇಲೆ ಒಂದು ಡಬ್ಬಿ, ಆ ಡಬ್ಬಿ ಡಿಕ್ಕಿಯಲ್ಲಿ. ಇಷ್ಟು ಮಾಡಿದರೂ ಘಾಟಿ ಹತ್ತುವ ಹೊತ್ತಿಗೆ ನಿಮ್ಮ ಅತ್ತೆ ಕಿಟಕಿ ಇಳಿಸುತ್ತಾರೆ, ಅದಕ್ಕೆ ನನ್ನ ಹತ್ತಿರ ಉಪಾಯ ಇಲ್ಲ.